ಒಬ್ಬರೇ ಹೊರಟರೆ ಲೋಯರ್ ಬರ್ತ್

ಪ್ರಶ್ನೆ: ನನಗೆ 52 ವರ್ಷ. ಮೂರು ದಿನ ಹಂಪಿ ನೋಡಿಬರುವ ಆಸೆ. ‘ಈ ವಯಸ್ಸಲ್ಲಿ ಒಬ್ಬಳೇ ಯಾಕಮ್ಮಾ, ನಾನೂ ಬರ್ತೀನಿ’ ಅಂತಾನೆ ಮಗ. ಏನು ಮಾಡಲಿ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಧಾರಾಳವಾಗಿ ಹೋಗಿ. ಆಟೋ ಬಾಡಿಗೆ ದುಬಾರಿ ಎನಿಸಿದರೆ ಮುಂದಿನ ಆಟೋ ಕೇಳುವುದು, ರೂಮು ಹಿಡಿಸದಿದ್ದರೆ ಬೇರೆ ತೋರಿಸಿ ಎನ್ನುವುದು, ಸುಸ್ತಾದರೆ ಉಳಿದದ್ದನ್ನು ಬಿಟ್ಟು ಮಲಗುವುದು – ಇಪ್ಪತ್ತರ ಹುಡುಗಿಗೆ ಇದೆಲ್ಲ ಸಂಕೋಚ. ಗಾಂಧಿಬಜಾರಿನಲ್ಲಿ ಮೂವತ್ತು ವರ್ಷ ಸೊಪ್ಪು ಚೌಕಾಸಿ ಮಾಡಿದವರಿಗೆ ಯಾವ ಸಂಕೋಚ?

ರೈಲಿನಲ್ಲಂತೂ ವಯಸ್ಸೇ ಲಾಭ. 45 ತುಂಬಿದ ಹೆಂಗಸರಿಗೆ ಲೋಯರ್ ಬರ್ತ್ ಕೋಟಾ ಇದೆ. ಗಂಡಸರಾದರೆ 60 ಆಗಿರಬೇಕು. ಐಆರ್‌ಸಿಟಿಸಿಯಲ್ಲಿ ‘ಜನರಲ್’ ಬದಲು ‘ಲೋಯರ್ ಬರ್ತ್/ಸೀನಿಯರ್ ಸಿಟಿಜನ್’ ಆರಿಸಿ. ಒಬ್ಬರೇ ಹೊರಟಾಗ, ಇಲ್ಲವೇ ಈ ವಯಸ್ಸಿನ ಇಬ್ಬರು ಒಂದೇ ಟಿಕೆಟ್ಟಿನಲ್ಲಿದ್ದಾಗ ಮಾತ್ರ ಇದು ಸಿಗುತ್ತದೆ. ಮಗನ ಹೆಸರು ಸೇರಿಸಿದಿರೋ, ಕೋಟಾ ಹೋಯಿತು. ಮಂಡಿನೋವು ಇಟ್ಟುಕೊಂಡು ಮಿಡಲ್ ಬರ್ತ್ ಹತ್ತಬೇಕಾದೀತು! ದರದಲ್ಲಿ ರಿಯಾಯಿತಿ ಏನಿಲ್ಲ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಮಿಡಲ್ ಬರ್ತ್ ಬಿಚ್ಚಲು ಅವಕಾಶ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ. ತಕರಾರಾದರೆ 139ಕ್ಕೆ ಫೋನ್ ಮಾಡಿ.

ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಹೋಟೆಲಿನವರು ಸಾಮಾನ್ಯವಾಗಿ ಮಧ್ಯಾಹ್ನಕ್ಕೇ ರೂಮು ಕೊಡುವುದು. ಬ್ಯಾಗ್ ಇಟ್ಟು ಮುಖ ತೊಳೆಯಲು ಜಾಗ ಇದೆಯೇ ಎಂದು ಮೊದಲೇ ಕೇಳಿ. ಹಂಪಿಗೆ ಸಾಮಾನ್ಯ ಬಸ್ಸು ಹಿಡಿದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಆಧಾರ್ ಕೈಗೆ ಸಿಗುವಂತಿರಲಿ. ವಿಜಯವಿಠ್ಠಲ ದೇವಸ್ಥಾನದ ಟಿಕೆಟ್ ಬಿಸಾಡಬೇಡಿ, ಅದೇ ದಿನ ಕಮಲ ಮಹಲಿಗೂ ಅದೇ ನಡೆಯುತ್ತದೆ. ಹನ್ನೊಂದಕ್ಕೆಲ್ಲ ಬಂಡೆ ಕಾದಿರುತ್ತದೆ, ಅಷ್ಟರೊಳಗೆ ನೆರಳು ಸೇರಿ. ಮಾತಂಗ ಬೆಟ್ಟಕ್ಕೆ ಕತ್ತಲಲ್ಲಿ ಒಬ್ಬರೇ ಬೇಡ.

ಪ್ರೋಗ್ರೆಸ್ಸಿವ್ ಕನ್ನಡಕವಿದ್ದರೆ ಒಂದು ಎಚ್ಚರ. ಅದರ ಕೆಳಭಾಗ ಓದುವುದಕ್ಕೆ, ಅದರ ಮೂಲಕ ನೋಡಿದರೆ ಕಾಲಡಿಯ ಮೆಟ್ಟಿಲು ಮಸುಕು. ಇಳಿಯುವಾಗ ಕಣ್ಣನ್ನಷ್ಟೇ ಇಳಿಸದೆ ಗದ್ದ ಎದೆಗೆ ತಾಗುವಷ್ಟು ತಲೆ ಬಗ್ಗಿಸಿ. ಬ್ಯಾಗ್ ಏಳು ಕಿಲೋ ದಾಟದಿರಲಿ. ಹೊತ್ತು ಮನೆಯ ಎರಡು ಮಹಡಿ ಹತ್ತಿ ನೋಡಿ, ಏದುಸಿರು ಬಂದರೆ ಒಂದು ಸೀರೆ ತೆಗೆದಿಡಿ.

ಪ್ರಶ್ನೆ: 56 ವರ್ಷ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಒಬ್ಬನೇ ಹೋಗಬಹುದೇ?
– ಓದುಗರೊಬ್ಬರು, ವಿಜಯನಗರ

ಉತ್ತರ: ವೈದ್ಯರನ್ನು ಕೇಳಿಕೊಂಡು ಹೋಗಿ. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು, ಹೆಪ್ಪುಗಟ್ಟಿದರೂ ಕೆಡುತ್ತದೆ ಎನ್ನುವುದು ಮರೆತುಹೋಗುತ್ತದೆ. ಐಸ್‌ಪ್ಯಾಕಿಗೆ ನೇರ ತಾಗಿಸದೆ ಟವೆಲಿನಲ್ಲಿ ಸುತ್ತಿ. ವಿಮಾನದಲ್ಲಾದರೆ ಕೈಚೀಲದಲ್ಲೇ ಇರಲಿ. ದಿನಕ್ಕಿಂತ ಹೆಚ್ಚು ನಡೆದ ದಿನ ಸಕ್ಕರೆ ಅಂಶ ಇಳಿಯಬಹುದು. ಕೈ ನಡುಗಿ ಬೆವರಿದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, ಕೂತು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಸಕ್ಕರೆ ಪೊಟ್ಟಣ ಅಂಗಿ ಜೇಬಿನಲ್ಲಿರಲಿ, ರೂಮಿನ ಬ್ಯಾಗಿನಲ್ಲಿ ಅಲ್ಲ.