ಐದಕ್ಷರದ ಹೆಸರು ಮಗಳಿಗೆ ಭಾರವಾದೀತೇ?

ಪ್ರಶ್ನೆ: ಮುಂದಿನ ತಿಂಗಳು ನಮ್ಮ ಮಗಳ ನಾಮಕರಣ. ನಿವೃತ್ತ ಕನ್ನಡ ಅಧ್ಯಾಪಕಿಯಾದ ನಮ್ಮ ಅತ್ತೆಯವರು ‘ಚಂಪಕಮಾಲಾ’ ಎಂಬ ಹೆಸರನ್ನು ಸೂಚಿಸಿದ್ದಾರೆ. ನನಗೂ ನನ್ನ ಯಜಮಾನರಿಗೂ ಅದು ಬಹಳ ಹಿಡಿಸಿದೆ. ಆದರೆ ನೆರೆಹೊರೆಯ ಮಕ್ಕಳೆಲ್ಲ ಆದ್ಯಾ, ಅನ್ವಿ, ದಿಯಾ ಆಗಿರುವಾಗ ಇಷ್ಟುದ್ದದ ಹೆಸರಿಟ್ಟರೆ ಶಾಲೆಯಲ್ಲಿ ಮಗುವಿಗೆ ಮುಜುಗರವಾಗುತ್ತದೆ, ಹೇಗೂ ಎಲ್ಲರೂ ಮೊಟಕುಗೊಳಿಸುತ್ತಾರೆ ಎಂದು ನನ್ನ ತಮ್ಮ ಹೇಳುತ್ತಾನೆ. ನಕ್ಷತ್ರಕ್ಕೆ ಬಂದಿರುವ ಅಕ್ಷರವೂ ಬೇರೆ. ಏನು ಮಾಡಬೇಕು?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ದಯವಿಟ್ಟು ಈ ಹೆಸರನ್ನು ಕೈಬಿಡಬೇಡಿ. ಚಂಪಕಮಾಲೆಯು ಆರು ಖ್ಯಾತ ಕರ್ಣಾಟಕ ವೃತ್ತಗಳಲ್ಲಿ, ಅಂದರೆ ಅಕ್ಷರ ಲೆಕ್ಕದ ಪದ್ಯಬಂಧಗಳಲ್ಲಿ, ಒಂದು; ಪಾದಕ್ಕೆ (ಸಾಲಿಗೆ) 21 ಅಕ್ಷರಗಳ ಈ ವೃತ್ತವನ್ನು ಪಂಪ, ರನ್ನರು ತಮ್ಮ ಚಂಪೂಕಾವ್ಯಗಳಲ್ಲಿ ಮತ್ತೆ ಮತ್ತೆ ಬಳಸಿದ್ದಾರೆ. ಅತ್ತೆಯವರು ಮೊಮ್ಮಗಳಿಗೆ ಕೊಡಲು ಹೊರಟಿರುವುದು ತಾವು ಜೀವಮಾನವಿಡೀ ಪಾಠ ಹೇಳಿದ ಸಾಹಿತ್ಯದ ಒಂದು ತುಣುಕನ್ನು.

ಹೆಸರಿನ ಭಾರವನ್ನು ಅಕ್ಷರ ಎಣಿಸಿ ಅಳೆಯಲಾಗದು. ನೀವು ಮೆಚ್ಚಿದ ಹೆಸರಿಗೇ ಪ್ರಸ್ತಾರ ಹಾಕಿ, ಅಂದರೆ ಎರಡು ಮಾತ್ರೆಯ (ಉಚ್ಚಾರದ ಕಾಲದ ಅಳತೆ) ಗುರು ಯಾವುದು, ಒಂದು ಮಾತ್ರೆಯ ಲಘು ಯಾವುದು ಎಂದು ಗುರುತಿಸಿ ನೋಡಿ: ‘ಚಂಪಕ’ದಲ್ಲಿ ಒಂದು ಗುರು, ಎರಡು ಲಘು, ಒಟ್ಟು ನಾಲ್ಕು ಮಾತ್ರೆ, ‘ಮಾಲಾ’ದಲ್ಲಿ ಎರಡು ಗುರು, ಮತ್ತೆ ನಾಲ್ಕು ಮಾತ್ರೆ. ಹೀಗೆ ಸರಿಯಾಗಿ ಎರಡು ಭಾಗವಾಗುವುದರಿಂದಲೇ ತೊಟ್ಟಿಲು ತೂಗುತ್ತಾ ಹಾಡಿಕೊಳ್ಳುವಷ್ಟು ಸಲೀಸಾಗಿ ಅದು ಬಾಯಿಗೆ ಬರುತ್ತದೆ. ಇದರ ಪಕ್ಕದಲ್ಲಿ, ಅದೂ ಒಂದು ವೃತ್ತದ ಹೆಸರೇ ಆದ ‘ವಿದ್ಯುನ್ಮಾಲಾ’ ಎಂಬುದನ್ನು ಇಟ್ಟು ನೋಡಿ. ಅಕ್ಷರಗಳು ನಾಲ್ಕೇ, ಮಾತ್ರೆಗಳು ಅಷ್ಟೇ ಎಂಟು. ಆದರೂ ಎಲ್ಲವೂ ಗುರುಗಳಾಗಿ ನಡುವೆ ಎರಡು ಒತ್ತಕ್ಷರಗಳು ಬಂದಿರುವುದರಿಂದ ಮೂರು ವರ್ಷದ ಮಗುವಿನ ನಾಲಿಗೆ ಅಲ್ಲಿ ತೊಡರುತ್ತದೆ. ನಿಮ್ಮ ಹೆಸರಿನಲ್ಲಿ ಒತ್ತಕ್ಷರವೂ ಇಲ್ಲ, ಮಹಾಪ್ರಾಣವೂ ಇಲ್ಲ. ಹಲವು ಭಾಷೆಗಳ ಮಕ್ಕಳು ಕೂಡಿ ಕಲಿಯುವ ಬೆಂಗಳೂರಿನ ಶಾಲೆಗೆ ಇದು ದೊಡ್ಡ ಅನುಕೂಲ.

ಶಾಸ್ತ್ರದ ಮಾತನ್ನೂ ಹೇಳಿಬಿಡುತ್ತೇನೆ. ಹೆಣ್ಣುಮಗುವಿನ ಹೆಸರು ಬೆಸ ಸಂಖ್ಯೆಯ ಅಕ್ಷರಗಳದ್ದಾಗಿ ‘ಆ’ಕಾರದಲ್ಲಿ ಮುಗಿಯಬೇಕೆಂದು ಪಾರಸ್ಕರ ಗೃಹ್ಯಸೂತ್ರ ಹೇಳುತ್ತದೆ. ಚಂಪಕಮಾಲಾ ಈ ಎರಡಕ್ಕೂ ಹೊಂದುತ್ತದೆ. ನಕ್ಷತ್ರದ ಅಕ್ಷರಕ್ಕಾಗಿ ಚಿಂತಿಸಬೇಕಿಲ್ಲ. ಅದಕ್ಕೆ ಹೊಂದುವ ಜನ್ಮನಾಮವನ್ನೂ ವ್ಯವಹಾರನಾಮವನ್ನೂ ತಟ್ಟೆಯ ಅಕ್ಕಿಯ ಮೇಲೆ ಬರೆದು, ಮಗುವಿನ ಕಿವಿಯಲ್ಲಿ ಎರಡನ್ನೂ ಹೇಳುವ ರೂಢಿ ಎಷ್ಟೋ ಮನೆಗಳಲ್ಲಿದೆ.

ಮೊಟಕುಗೊಳಿಸುತ್ತಾರೆ ಎಂಬ ನಿಮ್ಮ ತಮ್ಮನವರ ಮಾತು ನಿಜ. ಆದ್ದರಿಂದ ಮುದ್ದಿನ ಹೆಸರನ್ನು ನೀವೇ ಮೊದಲು ಆರಿಸಿಕೊಳ್ಳಿ. ಚಂಪಾ, ಮಾಲಾ ಎರಡೂ ಚೆನ್ನಾಗಿವೆ. ಚಂಪಕವೆಂದರೆ ಸಂಪಿಗೆಯೇ ತಾನೆ; ಸಂಪಿಗೆ ರಸ್ತೆಯಿರುವ ಬಡಾವಣೆಯವರಾದ ನೀವು ಮನೆಯಲ್ಲಿ ‘ಸಂಪಿಗೆ’ ಎಂದೇ ಕರೆದರೆ ನನಗಂತೂ ಬಹಳ ಸಂತೋಷ. ಪೂರ್ತಿ ಹೆಸರನ್ನು ಮಾತ್ರ ಬೈಯುವುದಕ್ಕೆಂದು ಎತ್ತಿಡದೆ, ಮುದ್ದಿಸುವಾಗಲೂ ದಿನಕ್ಕೊಮ್ಮೆಯಾದರೂ ಕರೆಯಿರಿ. ಹಾಗೆ ಬೆಳೆದ ಮಗು ಶಾಲೆಯಲ್ಲಿ ತನ್ನ ಹೆಸರನ್ನು ಅಳುಕಿಲ್ಲದೆ ಹೇಳುತ್ತದೆ. ಒಂದೇ ತರಗತಿಯಲ್ಲಿ ಇಬ್ಬರು ಮೂವರು ಆದ್ಯಾಗಳಿದ್ದು ಇನಿಷಿಯಲ್‌ನಿಂದ ಗುರುತಿಸಿಕೊಳ್ಳಬೇಕಾದ ಪಾಡಂತೂ ನಿಮ್ಮ ಮಗಳಿಗಿಲ್ಲ.

ನನಗೆ ಇರುವ ಒಂದೇ ಆತಂಕ ಇಂಗ್ಲಿಷ್ ಬರಹದ್ದು. ಎಲ್ಲ ಕಡೆಯೂ ಒಂದೊಂದೇ ‘ಎ’ ಹಾಕಿದರೆ ಕನ್ನಡ ಬಾರದವರು ಅದನ್ನು ‘ಚಂಪಾ ಕಮಲಾ’ ಎಂದು ಓದುವ ಸಾಧ್ಯತೆ ಹೆಚ್ಚು. ‘ಮಾ’ ಅಕ್ಷರಕ್ಕೆ ಎರಡು ‘ಎ’ ಕೊಡಿ. ಆಗ ಒಟ್ಟು 13 ಅಕ್ಷರಗಳಾಗುತ್ತವೆ. ಪಾಸ್‌ಪೋರ್ಟಿನಲ್ಲಿ ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆ 39 ಸ್ಥಾನಗಳಿರುವುದರಿಂದ ತಂದೆಯ ಹೆಸರು ಸೇರಿದರೂ ಸಾಮಾನ್ಯವಾಗಿ ಜಾಗ ಸಾಲುತ್ತದೆ. ನಡುವೆ ಜಾಗ ಬಿಡದೆ ಒಂದೇ ಪದವಾಗಿ ಬರೆಯಿರಿ. ಬಿಟ್ಟರೆ ಯಾವುದೋ ಅರ್ಜಿಯಲ್ಲಿ ‘ಮಾಲಾ’ ಎಂಬುದು ಮನೆತನದ ಹೆಸರಾಗಿ ಕುಳಿತುಬಿಡುತ್ತದೆ. ಜನನ ನೋಂದಣಿ ಹೆಸರಿಲ್ಲದೆ ಆಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶದಿಂದ ಪಾಸ್‌ಪೋರ್ಟ್‌ವರೆಗೆ ಜನ್ಮದಿನಾಂಕದ ಆಧಾರ ಜನನ ಪ್ರಮಾಣಪತ್ರವೇ ಆಗಿರುವುದರಿಂದ, ಅದು ಕೈಗೆ ಬಂದ ಕೂಡಲೇ ಕನ್ನಡ, ಇಂಗ್ಲಿಷ್ ಎರಡೂ ಸಾಲುಗಳನ್ನು ಅತ್ತೆಯವರಿಂದಲೇ ಓದಿಸಿ, ತಪ್ಪಿದ್ದರೆ ಆಗಲೇ ತಿದ್ದಿಸಿಕೊಳ್ಳಿ.