ಎದುರಾಳಿಗೂ ಚೆಂಡಿನ ಸದ್ದು ಕೇಳಿಸಬೇಕು

ಮಾನ್ಯರೇ,

ಅಂತರರಾಷ್ಟ್ರೀಯ ಕ್ರೀಡಾಕೂಟಗಳು ದೇಶ ದೇಶಗಳ ಜನರನ್ನು ಹತ್ತಿರ ತರುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ನಾನು ಬರೆದ ಮಾತಿಗೆ ನೀವು ಬಸವನಗುಡಿಯಿಂದ ಮೂರು ಪುಟಗಳ ಆಕ್ಷೇಪ ಕಳುಹಿಸಿದ್ದೀರಿ. ಅದು ಉದ್ಘಾಟನಾ ಸಮಾರಂಭದ ವೇದಿಕೆಗೆ ಒಪ್ಪುವ ಮಾತೇ ಹೊರತು ಮೈದಾನದ ಸತ್ಯವಲ್ಲ ಎಂಬುದು ನಿಮ್ಮ ವಾದ. ಫುಟ್‌ಬಾಲ್ ಪಂದ್ಯಗಳ ಬೆನ್ನಿಗೇ ಎರಡು ದೇಶಗಳು ಯುದ್ಧಕ್ಕಿಳಿದದ್ದನ್ನೂ, ಬೆಂಗಳೂರಿನ ಕೂಟಕ್ಕೆ ಪಾಕಿಸ್ತಾನದ ಸ್ಪರ್ಧಿಯನ್ನು ಕರೆದದ್ದಕ್ಕಾಗಿ ನಮ್ಮ ಜಾವೆಲಿನ್ (ಈಟಿ) ಎಸೆತಗಾರ ನೀರಜ್ ಚೋಪ್ರಾ ಕೇಳಬೇಕಾಗಿ ಬಂದ ಬೈಗುಳವನ್ನೂ ನೆನಪಿಸಿದ್ದೀರಿ. ಕೊನೆಗೆ, ಹತ್ತು ವರ್ಷದ ಮೊಮ್ಮಗನನ್ನು ಇಂಥ ಕೂಟಗಳಿಗೆ ಕರೆದೊಯ್ಯಬೇಕೇ ಬೇಡವೇ ಎಂದು ಕೇಳಿದ್ದೀರಿ. ಆ ಕೊನೆಯ ಸಾಲಿನಿಂದಾಗಿಯೇ ಈ ಉತ್ತರ ಉದ್ದವಾಗುತ್ತಿದೆ.

ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. 1969ರ ಜೂನ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯಗಳನ್ನು ಆಡಿದ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್ ಮರುತಿಂಗಳೇ ಸುಮಾರು ನೂರು ಗಂಟೆ ಕಾದಾಡಿದ್ದು ನಿಜ. ಜಗಳದ ಬೇರು ಭೂಮಿಯಲ್ಲಿ, ವಲಸೆ ಬಂದಿದ್ದ ರೈತರನ್ನು ಹೊರಹಾಕಿದ್ದರಲ್ಲಿ ಇತ್ತು. ಆದರೂ ಆ ಕಿಚ್ಚಿಗೆ ಕ್ರೀಡಾಂಗಣದ ಗ್ಯಾಲರಿ ಗಾಳಿ ಹಾಕಿತು ಎಂಬುದನ್ನು ಮರೆಮಾಚಲಾಗದು. ಪಂದ್ಯವೊಂದು ಯುದ್ಧವನ್ನು ತಡೆಯುತ್ತದೆ ಎಂದು ನಾನು ನಂಬಿಲ್ಲ. ಸಂಪಾದಕೀಯದಲ್ಲಿ ಹಾಗೆ ಧ್ವನಿಸಿದ್ದರೆ ಆ ತಪ್ಪು ನನ್ನದು.

ನೀರಜ್ ವಿಷಯ ನನಗೂ ನೋವು ತಂದದ್ದೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ ಜಾವೆಲಿನ್ನನ್ನು 92.97 ಮೀಟರ್ ಎಸೆದು ಚಿನ್ನ ಗೆದ್ದು, ನೀರಜ್ 89.45 ಮೀಟರಿಗೆ ಬೆಳ್ಳಿ ಪಡೆದಾಗ, ಚಿನ್ನ ಗೆದ್ದವನೂ ನಮ್ಮ ಹುಡುಗನೇ ಎಂಬರ್ಥದಲ್ಲಿ ನೀರಜ್ ಅವರ ತಾಯಿ ಆಡಿದ ಮಾತನ್ನು ಎಲ್ಲರೂ ಕೊಂಡಾಡಿದ್ದರು. ಪಹಲ್ಗಾಮ್ ದಾಳಿಗೆ ಮುಂಚೆಯೇ ಅರ್ಷದ್‌ಗೆ ಕಳುಹಿಸಿದ್ದ ಒಂದು ಆಹ್ವಾನದ ನೆಪದಲ್ಲಿ, ವರ್ಷ ತುಂಬುವ ಮೊದಲೇ ಅದೇ ತಾಯಿಯ ದೇಶಭಕ್ತಿಯನ್ನು ಪ್ರಶ್ನಿಸಲಾಯಿತು. ಆಮೇಲೆ ನೀರಜ್, ತಾವಿಬ್ಬರೂ ಎಂದೂ ಆಪ್ತ ಸ್ನೇಹಿತರಾಗಿರಲಿಲ್ಲ ಎಂದು ಸ್ಪಷ್ಟಪಡಿಸಿದರು. ನಿಮ್ಮ ವಾದಕ್ಕೆ ಇದೇ ಸಾಕ್ಷಿ ಎನ್ನುತ್ತೀರಿ. ನನಗೆ ಅದರಲ್ಲಿ ಬೇರೆಯೇ ಕಾಣುತ್ತದೆ. 2024ರ ಮಾರ್ಚ್‌ನಲ್ಲಿ, ಹೊಸ ಜಾವೆಲಿನ್ ಸಿಗದೆ ಅರ್ಷದ್ ಪರದಾಡುತ್ತಿದ್ದಾರೆ ಎಂಬ ಸುದ್ದಿ ಬಂದಾಗ, ಇಂಥ ಸ್ಪರ್ಧಿಗೆ ಹಾಗಾಗಬಾರದು ಎಂದು ಬಹಿರಂಗವಾಗಿ ದನಿ ಎತ್ತಿದವರು ಇದೇ ನೀರಜ್. ಆಪ್ತನಲ್ಲದವನ ಪರವಾಗಿ, ಒಲಿಂಪಿಕ್ಸ್‌ಗೆ ನಾಲ್ಕೇ ತಿಂಗಳಿರುವಾಗ, ತನ್ನ ಚಿನ್ನವನ್ನೇ ಕಸಿಯಬಲ್ಲವನ ಪರವಾಗಿ ಆಡಿದ ಮಾತು ಅದು. ಒಂದು ಜಾವೆಲಿನ್ ಸವೆದರೆ ಎಸೆಯುವವನಿಗೆ ಏನಾಗುತ್ತದೆ ಎಂದು ಎಸೆಯುವವನಿಗೇ ಗೊತ್ತು. ಸ್ನೇಹ ಎನ್ನುವುದಕ್ಕಿಂತ ಕಸುಬುದಾರರ ನಡುವಿನ ಮರ್ಯಾದೆ ಎಂದರೆ ಸರಿಯಾದೀತು. ನನ್ನ ಮಟ್ಟಿಗೆ ಅದು ಸ್ನೇಹಕ್ಕಿಂತ ಬಾಳಿಕೆ ಬರುವಂಥದು.

ಇನ್ನು ನಮ್ಮ ಊರಿನಲ್ಲೇ ನಡೆದ, ನೀವು ಬಹುಶಃ ಗಮನಿಸದ ಒಂದು ಪಂದ್ಯದ ಬಗ್ಗೆ ಹೇಳಬೇಕು. 2012ರ ಡಿಸೆಂಬರ್‌ನಲ್ಲಿ ಅಂಧರ ಮೊದಲ ಟಿ-20 ವಿಶ್ವಕಪ್ ಬೆಂಗಳೂರಿನಲ್ಲಿ ನಡೆಯಿತು. ಸೆಂಟ್ರಲ್ ಕಾಲೇಜು ಮೈದಾನದಲ್ಲಿ ಫೈನಲ್, ಎದುರಾಳಿ ಪಾಕಿಸ್ತಾನ, ನಮ್ಮ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. ಈ ಆಟದ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು, ಒಳಗೆ ಲೋಹದ ಗುಂಡುಗಳಿರುತ್ತವೆ. ಬೌಲರ್ ಮೊದಲು ‘ರೆಡಿ?’ ಎಂದು ಕೇಳಬೇಕು, ಬ್ಯಾಟರ್ ‘ಯೆಸ್’ ಎನ್ನಬೇಕು, ಆಮೇಲೆ ‘ಪ್ಲೇ’ ಎಂದು ಕೂಗಿ ಕೈಯನ್ನು ಕೆಳಗಿನಿಂದ ಬೀಸಿ ಚೆಂಡು ಬಿಡಬೇಕು. ಎದುರಾಳಿ ಸಿದ್ಧನಾಗಿದ್ದೇನೆ ಎಂದು ಬಾಯಿಬಿಟ್ಟು ಹೇಳುವವರೆಗೆ ಆಟವೇ ಶುರುವಾಗುವುದಿಲ್ಲ. ನೆಲಕ್ಕೆ ತಾಕುತ್ತಾ ಬರುವ ಚೆಂಡು, ಡಬ್ಬಿಯೊಳಗೆ ಹುರಿಗಡಲೆ ಅಲ್ಲಾಡಿಸಿದಂತೆ ಸದ್ದು ಮಾಡುತ್ತದೆ. ಪೂರ್ಣ ಅಂಧನಾದ ಬ್ಯಾಟರ್‌ಗೆ ಆ ಸದ್ದೇ ಕಣ್ಣು.

ಆ ದಿನ ನಾನು ಅಲ್ಲಿದ್ದೆ. ಪಾಕಿಸ್ತಾನದ ಬ್ಯಾಟರ್ ಒಬ್ಬರು ಬ್ಯಾಟನ್ನು ನೆಲಕ್ಕೆ ಹತ್ತಿರ ಹಿಡಿದು, ಕಿವಿಯನ್ನು ಬೌಲರ್ ಕಡೆಗೆ ಓರೆ ಮಾಡಿ ಬಾಗಿ ನಿಂತಿದ್ದರು. ನನ್ನ ಮುಂದಿನ ಸಾಲಿನ ಹುಡುಗನೊಬ್ಬ ಉತ್ಸಾಹ ತಡೆಯಲಾರದೆ ಭಾರತದ ಪರವಾಗಿ ಕೂಗತೊಡಗಿದಾಗ ಪಕ್ಕದಲ್ಲಿದ್ದ ಹಿರಿಯರು ಅವನ ತೊಡೆಯ ಮೇಲೆ ಕೈಯಿಟ್ಟು, ‘ಸುಮ್ನಿರಪ್ಪಾ, ಅವ್ರಿಗೆ ಕೇಳಿಸ್ಬೇಕು’ ಎಂದರು. ಹುಡುಗ ಬಾಯಿ ಮುಚ್ಚಿದ. ನಮ್ಮ ಸುತ್ತಲಿನ ಸಾಲುಗಳೂ ಸುಮ್ಮನಾದವು. ಚೆಂಡಿನ ಸದ್ದು ಬಂತು, ಬ್ಯಾಟು ನೆಲವನ್ನು ಗುಡಿಸುವಂತೆ ಬೀಸಿತು. ಭಾರತ 29 ರನ್‌ಗಳಿಂದ ಗೆದ್ದಿತು, ಆಗ ಎಲ್ಲರೂ ಮನಸಾರೆ ಕೂಗಿದೆವು. ಗೆಲ್ಲಬೇಕೆಂಬ ಆಸೆ ಯಾರಿಗೂ ಒಂದು ಗುಲಗಂಜಿಯಷ್ಟೂ ಕಡಿಮೆ ಇರಲಿಲ್ಲ; ಆದರೂ ಪ್ರತಿ ಎಸೆತಕ್ಕೂ ಎದುರಾಳಿಗಾಗಿ ಉಸಿರು ಬಿಗಿಹಿಡಿದಿದ್ದೆವು. ಹತ್ತಿರ ಬರುವುದು ಎಂದು ನಾನು ಬರೆದಾಗ ಮನಸ್ಸಿನಲ್ಲಿದ್ದದ್ದು ಆ ಮೌನ. ಅದನ್ನೇ ಬಿಡಿಸಿ ಬರೆಯಬೇಕಿತ್ತು.

ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರನ್ನೂ ನೆನೆಯದೆ ಇರಲಾರೆ. ಕೊಡಗಿನಲ್ಲಿ ಬೆಳೆದ ಅವರು ಲಾಹೋರಿನ ಐಸಾಮ್ ಉಲ್ ಹಕ್ ಖುರೇಷಿ ಅವರೊಡನೆ 2010ರ ಅಮೆರಿಕ ಓಪನ್ ಡಬಲ್ಸ್ ಫೈನಲ್ ತಲುಪಿದಾಗ, ವಿಶ್ವಸಂಸ್ಥೆಯಲ್ಲಿನ ಎರಡೂ ದೇಶಗಳ ರಾಯಭಾರಿಗಳು ಬಂದು ಪಂದ್ಯ ನೋಡಿದರು. ಫೈನಲ್‌ನಲ್ಲಿ ಬ್ರಯಾನ್ ಸಹೋದರರು ಇವರನ್ನು ಎರಡೂ ಸೆಟ್‌ಗಳ ಟೈಬ್ರೇಕರ್‌ನಲ್ಲಿ ಸೋಲಿಸಿದರು. ರಾಯಭಾರಿಗಳ ಭೇಟಿಯನ್ನು ಪತ್ರಿಕೆಗಳು ದೊಡ್ಡದಾಗಿ ಬರೆದವು. ನಾನು ನೋಡುವುದು ಬೇರೆಯದನ್ನು. ಡಬಲ್ಸ್‌ನಲ್ಲಿ ನೆಟ್ ಬಳಿ ನಿಂತವರು, ತಾವು ಯಾವ ಕಡೆ ಸರಿಯುತ್ತೇವೆಂದು ಬೆನ್ನ ಹಿಂದೆ ಬೆರಳು ಮಡಿಸಿ ಸನ್ನೆ ಮಾಡುತ್ತಾರೆ. ಹಿಂದೆ ನಿಂತವರು ಅದನ್ನು ನಂಬಿ ಸರ್ವ್ ಮಾಡುತ್ತಾರೆ. ಆ ಸರ್ವ್ ತಲೆಗೆ ಬಡಿಯದೆಂದು ಮುಂದೆ ನಿಂತವರು ತಿರುಗಿ ನೋಡದೆ ನಂಬುತ್ತಾರೆ. ವಾಘಾ ಗಡಿಯಲ್ಲಿ ನೆಟ್ ಕಟ್ಟಿ ಒಂದು ಪಂದ್ಯ ಆಡಬೇಕೆಂಬುದು ಇಬ್ಬರ ಆಸೆಯಾಗಿತ್ತು. ಅದು ಕೈಗೂಡಲಿಲ್ಲ. ಆದರೆ ಬೆನ್ನ ಹಿಂದಿನ ಆ ಸನ್ನೆ ಒಂದೊಂದು ಪಂದ್ಯದಲ್ಲೂ ಹತ್ತಾರು ಸಲ ನಡೆದಿತ್ತು.

ಇನ್ನು ನಿಮ್ಮ ಮೊಮ್ಮಗನ ವಿಷಯ. ದಯವಿಟ್ಟು ಕರೆದುಕೊಂಡು ಹೋಗಿ. 2025ರ ಜುಲೈ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಆ ಜಾವೆಲಿನ್ ಕೂಟದಲ್ಲಿ ನೀರಜ್ ಮೊದಲಿಗರಾದರು, ಕೆನ್ಯಾದ ಜೂಲಿಯಸ್ ಯೆಗೊ ಎರಡನೆಯವರಾದರು, ಶ್ರೀಲಂಕಾದ ರುಮೇಶ್ ಪತಿರಗೆ ಮೂರನೆಯವರಾದರು. ಯೆಗೊ ಯೂಟ್ಯೂಬ್ ವಿಡಿಯೊಗಳನ್ನು ನೋಡಿ ಎಸೆತ ಕಲಿತು, 2015ರಲ್ಲಿ ವಿಶ್ವ ಚಾಂಪಿಯನ್ ಆದವರು ಎಂದು ಹುಡುಗನಿಗೆ ಮೊದಲೇ ಹೇಳಿಡಿ. ಹೆಸರೂ ಕಥೆಯೂ ಗೊತ್ತಿದ್ದವನನ್ನು ಬೈಯಲು ಮಕ್ಕಳಿಗೆ ಬಾಯಿ ಬರುವುದಿಲ್ಲ. ಮುಂದಿನ ಸಲ ಅಂಥ ಕೂಟ ನಡೆದಾಗ, ಚೆಂದವಾಗಿ ಕಾಣುತ್ತದೆಂದು ಎತ್ತರದ ಸಾಲು ಹಿಡಿಯಬೇಡಿ. ಸ್ಪರ್ಧಿಗಳು ತಮ್ಮ ಸರದಿಗಾಗಿ ಕಾಯುತ್ತಾ ಕೂರುವ ಬೆಂಚುಗಳು ಕಾಣುವಷ್ಟು ಕೆಳಗೆ ಕೂತುಕೊಳ್ಳಿ. ಒಬ್ಬ ಓಡಿ ಬಂದು ಎಸೆದಾಗ ಉಳಿದವರು ಕತ್ತು ಎತ್ತಿ ಈಟಿಯ ಹಿಂದೆಯೇ ಕಣ್ಣು ಹಾಯಿಸುವುದನ್ನು ಅವನಿಗೆ ತೋರಿಸಿ. ಆಮೇಲೆ ಅವನು ಏನು ಕೇಳಿದ ಎಂಬುದನ್ನು ನನಗೆ ಬರೆದು ತಿಳಿಸಿದರೆ ಇದೇ ಪುಟದಲ್ಲಿ ಪ್ರಕಟಿಸುತ್ತೇನೆ.

ಸಂಪಾದಕ