ಬಿದ್ರಿಗೆ ಹುಣಸೆಹಣ್ಣು ಹಚ್ಚಿದವರ್ಯಾರು?

ಹೋಟೆಲಿನ ಒಳಾಂಗಣಕ್ಕೆ ನಮ್ಮ ನೆಲದ ಕರಕುಶಲ ತರುತ್ತೇವೆ ಎಂದು ಹೊರಟವರಿಂದ ಬರುವ ಪ್ರಶ್ನೆಗಳು ಪ್ರತಿ ತಿಂಗಳೂ ಅವೇ. ಒಂದಕ್ಕೆ ಈ ಸಲ ಪೂರ್ತಿ ಉತ್ತರ ಬರೆದಿದ್ದೇನೆ. ದಯವಿಟ್ಟು ಮತ್ತೆ ಕೇಳಬೇಡಿ.

ಪ್ರಶ್ನೆ ಇದು: ಲಾಬಿ ಗೋಡೆಗೂ ರಿಸೆಪ್ಷನ್ ಕೌಂಟರಿನ ಮುಂಭಾಗಕ್ಕೂ ಬಿದ್ರಿ (ಬೆಳ್ಳಿ ಕುಸುರಿಯ ಬೀದರಿನ ಕಪ್ಪು ಲೋಹ) ಫಲಕ ಹಾಕಿಸಿದ್ದೆವು. ವರ್ಷದೊಳಗೆ ಬೂದು ಕಲೆ ಬಿದ್ದಿದೆ. ಕುಶಲಕರ್ಮಿಗಳು ಮೋಸ ಮಾಡಿದರೇ? ಲ್ಯಾಕರ್ (ಹೊಳಪಿನ ಲೇಪ) ಹೊಡೆಸಬಹುದೇ?

ಅವರನ್ನು ದೂರುವ ಮೊದಲು ನಿಮ್ಮ ಹೌಸ್‌ಕೀಪಿಂಗ್‌ನವರನ್ನು ಕರೆದು, ಏನು ಹಾಕಿ ಉಜ್ಜುತ್ತೀರಿ ಎಂದು ಕೇಳಿ. ಹಿತ್ತಾಳೆ ಪಾಲಿಶ್, ಹುಣಸೆಹಣ್ಣು, ನಿಂಬೆ ಈ ಮೂರರಲ್ಲಿ ಒಂದರ ಹೆಸರು ಬಂದೇ ಬರುತ್ತದೆ. ಬಿದ್ರಿಯ ಕಪ್ಪು ಬಳಿದ ಬಣ್ಣವಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಕೆತ್ತಿದ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಿ ನಯ ಮಾಡುತ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಕದಡಿದ ಬಿಸಿನೀರು ತಾಗಿದಾಗ ಮಿಶ್ರಲೋಹದ ಮೈ ಮಾತ್ರ ಕಪ್ಪಾಗಿ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ತಾಮ್ರ ಎಷ್ಟೇ ಕಡಿಮೆಯಿರಲಿ, ಆ ಕಪ್ಪು ಬರುವುದು ಅದರಿಂದಲೇ. ಪದರ ಬಲು ತೆಳು. ಹುಳಿ ತಾಗಿದರೆ ಅದು ಹೋಗಿ ಅಡಿಯ ಸತು ಹಲ್ಲು ಕಿರಿಯುತ್ತದೆ.

'ಅಸಲಿ ಬಿದ್ರಿಯ ಕಪ್ಪು ಜನ್ಮದಲ್ಲಿ ಮಾಸುವುದಿಲ್ಲ' ಎನ್ನುವುದು ಅಂಗಡಿಯವರ ಮಾತು, ನಂಬಬೇಡಿ. ನಕಲಿಯ ಅನುಮಾನವಿದ್ದರೆ ಒಂದು ತುಂಡು ಬಿಚ್ಚಿ ಕೈಯಲ್ಲಿ ಹಿಡಿಯಿರಿ. ಸತುವಿನ ಸಾಂದ್ರತೆ ಘನ ಸೆಂ.ಮೀ.ಗೆ 7.1 ಗ್ರಾಂ, ಅಲ್ಯೂಮಿನಿಯಂನದು 2.7. ಕಪ್ಪು ಬಳಿದ ಅಲ್ಯೂಮಿನಿಯಂ ಆಗಿದ್ದರೆ ಎತ್ತಿದ ಕೂಡಲೇ ಹಗುರವೆಂದು ಗೊತ್ತಾಗುತ್ತದೆ.

ಲ್ಯಾಕರ್ ಬೇಡ. ಕಲೆಯ ಮೇಲೆ ಹೊಡೆದರೆ ಕಲೆಯೇ ಕಾಯಂ. 'ಆ್ಯಂಟಿಕ್ ಪಾಲಿಶ್' ಎಂದು ಬರುವವರನ್ನು ಗೇಟಿನಿಂದಲೇ ಕಳಿಸಿ. ಅವರ ಚೀಲದಲ್ಲಿರುವುದು ಬೂಟ್ ಪಾಲಿಶ್, ಕಪ್ಪು ಸ್ಪ್ರೇ. ಬೆಳ್ಳಿ ಗೆರೆಯ ಮೇಲೂ ಬಳಿದು ಹೋಗುತ್ತಾರೆ.

ಸರಿಯಾದ ದಾರಿ ಒಂದೇ: ಫಲಕ ಅದನ್ನು ಮಾಡಿದವರ ಹತ್ತಿರವೇ ವಾಪಸ್ ಹೋಗಬೇಕು, ಉಜ್ಜಿ ಹೊಸದಾಗಿ ಕಪ್ಪು ಏರಿಸಬೇಕು. ತೊಡಕು ಶುರುವಾಗುವುದು ಇಲ್ಲೇ. ನಿಮ್ಮ ಕಂಟ್ರಾಕ್ಟರು ಅಂಟು ಹಾಕಿ ಕೂರಿಸಿರುತ್ತಾರೆ, ಬಿಚ್ಚಲು ಹೋದರೆ ಗಾರೆಯೂ ಕಿತ್ತು ಬರುತ್ತದೆ. ಬಿದ್ರಿಯನ್ನು ಯಾವಾಗಲೂ ಸಣ್ಣ ಸಣ್ಣ ಬಿಲ್ಲೆಗಳಾಗಿ ಮಾಡಿಸಿ, ಮರದ ಚೌಕಟ್ಟಿಗೆ ಸ್ಕ್ರೂನಿಂದ ಬಿಗಿಸಬೇಕು. ಹಾಳಾದದ್ದನ್ನಷ್ಟೇ ಕಳಿಸಿದರಾಯಿತು.

ಇನ್ನು ಕೌಂಟರಿನ ಮುಂಭಾಗ! ಸೂಟ್‌ಕೇಸು, ಟ್ರಾಲಿ, ಅತಿಥಿಗಳ ಮೊಣಕಾಲು ಎಲ್ಲ ಉಜ್ಜುವ ಜಾಗ ಅದು. ಬಿದ್ರಿ ಅಲ್ಲಿ ಬಾಳುವುದಿಲ್ಲ, ಕೈಗೆಟುಕದ ಎತ್ತರಕ್ಕೆ ಹಾಕಿ. ದಿನವೂ ಒಣ ಮೆತ್ತನೆ ಬಟ್ಟೆ, ಅಪರೂಪಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು. ನಕ್ಷೆ ಮುಗಿಸಿ ದರ ಕೇಳಲು ಮಾತ್ರ ಕುಶಲಕರ್ಮಿಯನ್ನು ಕರೆದಿರಲ್ಲ, ನಕ್ಷೆ ಬರೆಯುವಾಗಲೇ ಕೂರಿಸಿಕೊಂಡಿದ್ದರೆ ಇಷ್ಟನ್ನೂ ಅವರೇ ಹೇಳುತ್ತಿದ್ದರು.

ಬಾರ್ ಕೌಂಟರಿಗೆ ಚನ್ನಪಟ್ಟಣದ ಅರಗಿನ ಕೆಲಸ?
ಅರಗು ಮದ್ಯಸಾರದಲ್ಲಿ ಕರಗುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಸ್ಯಾನಿಟೈಸರ್ ಒಂದೇ ಸಾಕು ಅದನ್ನು ಕೆಡಿಸಲು. ಕನ್ನಡಿ ಚೌಕಟ್ಟಿಗೆ, ಪರದೆ ಕೋಲಿನ ತುದಿಗೆ ಹಾಕಿ.

ಮಲೆನಾಡಿನ ನಮ್ಮ ರೆಸಾರ್ಟ್ ಗೋಡೆಗೆ ಸ್ಥಳೀಯ ವಾರ್ಲಿ ಚಿತ್ರ?
ವಾರ್ಲಿ ಮಹಾರಾಷ್ಟ್ರದ್ದು. ನಿಮ್ಮ ಊರಿನ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ, ಹೋಗಿ ಕೇಳಿ. ಕೂಲಿ ಸರಿಯಾಗಿ ಕೊಡಿ.

'ಇಲ್ಲಿ ಮಹಾರಾಜರು ತಂಗಿದ್ದರು' ಎಂದು ಫಲಕ ಹಾಕಬಹುದೇ?
ಮೈಸೂರಿನ ಲಲಿತ ಮಹಲ್ ಅರಮನೆಗೆ ಅಡಿಗಲ್ಲು ಹಾಕಿದ್ದು 1921ರಲ್ಲಿ, ಹೋಟೆಲಾದದ್ದು 1974ರಲ್ಲಿ. ಅದಕ್ಕೆ ದಾಖಲೆ ಇದೆ. ನಿಮ್ಮಲ್ಲಿ ಏನಿದೆ?

ಬೀಟೆ ಮರದ ಕುಸುರಿಗೆ ಹಳೆ ದಂತ ಸಿಗುತ್ತದಂತೆ.
ಜೈಲೂ ಸಿಗುತ್ತದೆ.

ಉದ್ಘಾಟನೆಗೆ 15 ದಿನವಿದೆ, ಲಾಬಿಗೆ ಬಿದ್ರಿ ಆಗುತ್ತದೆಯೇ?
ಆಗುವುದಿಲ್ಲ. ಉದ್ಘಾಟನೆ ಮುಂದಕ್ಕೆ ಹಾಕಿ.